ಐದನೇ ಮಾತ್ರೆ ಖಾಲಿ

ಗಿಟಾರ್ ಕೈಗೆ ತಗೊಂಡ ಮೊದಲ ದಿನವೇ ಒಂದು ತಂತಿ ಹರಿದುಹಾಕಿದೆ. ಬಾರಿಸಿ ಹರಿದಿದ್ದಲ್ಲ. ಶ್ರುತಿ ಮಾಡೋಕೆ ಹೋಗಿ ಹರಿದಿದ್ದು.

ಗಿಟಾರ್ ನನ್ನದಲ್ಲ, ಅಕ್ಕನ ಮಗನದು. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದವನು ಅಲ್ಲಿ ಹೊಸದೊಂದು ತಗೊಂಡ. ಹಳೆಯದು ಕೊಪ್ಪಳದ ನಮ್ಮ ಮನೆಯ ಅಲ್ಮಾರಿ ಮೇಲೆ, ಕೌದಿಗಳ ಪಕ್ಕ, ಕಪ್ಪು ಚೀಲದೊಳಗೆ ಎರಡು ವರ್ಷ ಮಲಗಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು ನಲವತ್ತೊಂದು. ಸಂಗೀತ ಅಂದರೆ ಅಡುಗೆ ಮಾಡುವಾಗ ರೇಡಿಯೋ, ಶ್ರಾವಣದಲ್ಲಿ ಓಣಿಯ ಭಜನೆ, ಅಷ್ಟೇ. ಏಪ್ರಿಲ್ ರಜೆ ಶುರುವಾದ ನಾಲ್ಕನೇ ದಿನ ಜೇಡರ ಬಲೆ ತೆಗೆಯೋಕೆ ಸ್ಟೂಲ್ ಹತ್ತಿದವಳು ಆ ಚೀಲ ಕೆಳಗಿಳಿಸಿದೆ. ಜಿಪ್ ತೆಗೆದು ಸುಮ್ನೆ ಒಂದು ದಪ್ಪ ತಂತಿ ಎಳೆದೆ. ಗಿಟಾರ್ ಎದೆಗೆ ಒತ್ತಿಕೊಂಡಿತ್ತು ನೋಡಿ, ಆ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಗೊತ್ತಾಯಿತು. ಕಲಿಯಬೇಕು ಅನ್ನಿಸಿದ್ದು ಆಗಲೇ.

ಮೊಬೈಲಿಗೆ ಟ್ಯೂನರ್ ಆ್ಯಪ್ ಹಾಕಿಕೊಂಡೆ. ತಂತಿ ಮೀಟಿದರೆ ಪರದೆ ಮೇಲೆ ಮುಳ್ಳು ಓಡುತ್ತದೆ, ಸರಿಯಾಗಿ ನಡುವೆ ನಿಂತರೆ ಹಸಿರಾಗುತ್ತದೆ. ಎಲ್ಲಕ್ಕಿಂತ ತೆಳುವಾದದ್ದು ಒಂದನೇ ತಂತಿ, ಎಲ್ಲಕ್ಕಿಂತ ದಪ್ಪದ್ದು ಆರನೇದು. ನಾನು ಒಂದನೇ ತಂತಿ ಮೀಟುತ್ತಾ ಎರಡನೇ ತಂತಿಯ ಕೀಲಿ ತಿರುವುತ್ತಿದ್ದೆ. ಮುಳ್ಳು ಅಲ್ಲಾಡಲಿಲ್ಲ. ಇನ್ನಷ್ಟು ತಿರುವಿದೆ. ಇನ್ನೂ ಒಂದಿಷ್ಟು. ಟಪ್ ಅಂತ ಹೋಯ್ತು. ಹರಿದ ತುದಿ ಮುಂಗೈ ಮೇಲೆ ಕೆಂಪು ಗೆರೆ ಎಳೆದು ಹೋಯ್ತು.

"ಚಿಗವ್ವ, ಯಾವ ತಂತಿ ಬಾರಸ್ತೀಯೋ ಅದರ ಮ್ಯಾಲೆ ಕೀಲಿತನಕ ಬೆರಳು ಓಡಿಸಿ ನೋಡು. ಆಮ್ಯಾಲೆ ತಿರುವು," ಅಂದ ಅಕ್ಕನ ಮಗ ಫೋನಿನಲ್ಲಿ. ನಗು ತಡೆದುಕೊಂಡಿದ್ದ ಅನ್ನೋದು ಗೊತ್ತಾಗುತ್ತಿತ್ತು.

ಹುಬ್ಬಳ್ಳಿಗೆ ಹೊರಟಿದ್ದ ಸಹೋದ್ಯೋಗಿಗೆ ಹೇಳಿ ಹೊಸ ಸೆಟ್ ತರಿಸಿದೆ. ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಾರಂತೆ. ಹತ್ತರ ಸೆಟ್ ಅಂದರೆ ಒಂದನೇ ತಂತಿ 0.010 ಇಂಚು, ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಹನ್ನೆರಡರ ಸೆಟ್ ದಪ್ಪ. ಸದ್ದು ಜಾಸ್ತಿ, ಬೆರಳಿಗೆ ನೋವೂ ಜಾಸ್ತಿ. "ನಿನಗ ಹತ್ತ ಇರ್ಲಿ" ಅಂದ ಅಕ್ಕನ ಮಗ.

ಹೊಸ ತಂತಿ ಹಾಕಿದ ಸಂಜೆ ಮಾವನವರು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು. ಅವರು ಓಣಿಯ ಭಜನೆಯಲ್ಲಿ ಪೇಟಿ ಬಾರಿಸುವವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನೋದು.

"ಯಾವ ಸ್ವರಕ್ಕ ಹಚ್ಚತಿ ಅದನ್ನ?"

"ಇ, ಎ, ಡಿ, ಜಿ, ಬಿ, ಇ ಅಂತ ಐತ್ರಿ ಮಾವಾ."

"ಅದು ನನಗ ತಿಳಿಯಂಗಿಲ್ಲ. ಕರಿ ಎಷ್ಟು, ಬಿಳಿ ಎಷ್ಟು, ಅದನ್ನ ಹೇಳು."

ಭಜನೆಯವರು ಶ್ರುತಿಯನ್ನು ಪೇಟಿಯ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಸಿ ಅಂದರೆ ಬಿಳಿ ಒಂದು. ಅಲ್ಲಿಂದ ಎಣಿಸುತ್ತಾ ಹೋದರೆ ಇ ಅಂದರೆ ಬಿಳಿ ಮೂರು, ಎ ಅಂದರೆ ಬಿಳಿ ಆರು. ಒಂದು ಚೀಟಿ ಮೇಲೆ ಬರೆದುಕೊಂಡೆ. ದಪ್ಪ ತಂತಿಯಿಂದ ತೆಳು ತಂತಿಗೆ: ಮೂರು, ಆರು, ಎರಡು, ಐದು, ಏಳು, ಮತ್ತೆ ಮೂರು. ಎಲ್ಲವೂ ಬಿಳಿ.

"ಒಂದೂ ಕರಿ ಇಲ್ಲಲ್ಲವಾ ಇದರಾಗ!" ಅಂದರು. ಅವರಿಗೆ ಅದು ಯಾಕೋ ಬಹಳ ಹಿಡಿಸಿತು. ಎದ್ದು ಹೋಗಿ ಪೇಟಿ ತಂದೇ ಬಿಟ್ಟರು.

ಅವರು ಎಡಗೈಯಲ್ಲಿ ಗಾಳಿ ಹಾಕುತ್ತಾ ಬಿಳಿ ಆರು ಒತ್ತಿ ಹಿಡಿದರು. ನಾನು ಐದನೇ ತಂತಿ ಮೀಟಿ ಕೀಲಿ ತಿರುವಿದೆ. ದೂರ ಇದ್ದಾಗ ಎರಡು ಸದ್ದು ಬೇರೆ ಬೇರೆ ಕೇಳುತ್ತಿದ್ದವು. ಹತ್ತಿರ ಬಂದಾಗ ಒಂದು ವಿಚಿತ್ರ ನಡೆಯಿತು. ಎರಡೂ ಸೇರಿ ವಾಂವ್-ವಾಂವ್-ವಾಂವ್ ಅಂತ ತೂಗೋಕೆ ಶುರುವಾದವು. "ಹಾಂ, ಈಗ ಸಾವಕಾಶ" ಅಂದರು ಮಾವ. ಕೂದಲೆಳೆಯಷ್ಟು ತಿರುವಿದರೆ ತೂಗಾಟ ನಿಧಾನವಾಯಿತು. ವಾಂ...ವ್, ವಾಂ......ವ್. ಇನ್ನೊಂಚೂರು. ನಿಂತೇ ಹೋಯಿತು. ತಂತಿ ಯಾವುದು ಪೇಟಿ ಯಾವುದು ಗೊತ್ತಾಗದ ಹಾಗೆ ಒಂದೇ ಸದ್ದು. ಎರಡು ಸದ್ದುಗಳ ಕಂಪನದಲ್ಲಿ ಸೆಕೆಂಡಿಗೆ ಎಷ್ಟು ವ್ಯತ್ಯಾಸ ಇರುತ್ತದೋ ಅಷ್ಟೇ ಸಲ ಆ ತೂಗಾಟ ಬರುತ್ತದೆ ಅನ್ನೋದು ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕಿವಿಯಿಂದ ಕೇಳಿದ್ದು ಮಾತ್ರ ಅವತ್ತೇ ಮೊದಲು.

ಆರೂ ತಂತಿ ಮುಗಿದ ಮೇಲೆ ಆ್ಯಪ್ ಹಚ್ಚಿ ನೋಡಿದರೆ ಮುಳ್ಳು ಪ್ರತಿ ತಂತಿಗೂ ನಡುವಿನಿಂದ ಸ್ವಲ್ಪ ಬಲಕ್ಕೆ ವಾಲುತ್ತಿತ್ತು. ಆ್ಯಪ್ ಸೆಕೆಂಡಿಗೆ 440 ಕಂಪನದ ಎ ಸ್ವರವನ್ನು ಅಳತೆಗೋಲು ಮಾಡಿಕೊಂಡಿರುತ್ತದೆ. ಮಾವನವರ ಹಳೇ ಪೇಟಿ ಅದಕ್ಕಿಂತ ಒಂಚೂರು ಮೇಲಿತ್ತು. ನನಗೆ ಗಾಬರಿ. ಯಾವುದು ಸರಿ?

"ಫೋನ್ ಜೊತಿ ಬಾರಸಾಕಿದ್ರ ಫೋನಿಗೆ ಹಚ್ಚು. ನನ್ನ ಜೊತಿ ಬಾರಸಾಕಿದ್ರ ಪೇಟಿಗೆ ಹಚ್ಚು," ಅಂದರು.

ಗಿಟಾರಿನ ತಂತಿಗಳನ್ನು ಒಂದಕ್ಕೊಂದು ಹೋಲಿಸಿಯೂ ಕೂಡಿಸಬಹುದು. ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಆರನೇ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ ಒತ್ತಿದರೆ ಐದನೇ ತಂತಿಯ ಸ್ವರ ಬರಬೇಕು. ಹಾಗೆಯೇ ಕೆಳಗೆ. ಮೂರರಿಂದ ಎರಡಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಫ್ರೆಟ್. ಇದನ್ನು ನಾನು ವಿಡಿಯೋ ನೋಡಿ ಬಾಯಿಪಾಠ ಮಾಡಿದ್ದೆ. ಮಾವನವರು ಒಂದೊಂದೇ ತಂತಿ ಕೇಳಿ ತಾವೇ ಹಾಡಿದರು: ಸ-ಮ, ಸ-ಮ, ಸ-ಮ, ಸ-ಗ, ಸ-ಮ. "ನಡುವ ಒಂದ ಕಡೆ ಗ ಬಂತು, ಯಾಕ?" ಅಂದರು. ಬಾಯಿಪಾಠದಲ್ಲಿ ನಾನು ಮತ್ತೆ ಮತ್ತೆ ಮರೆಯುತ್ತಿದ್ದ ಜಾಗ ಅದೇ. ಆಮೇಲೆ ಮರೆತಿಲ್ಲ.

ಪಕ್ಕದ ಮನೆಯವರೊಬ್ಬರು ಬಂದು, ಈ ವಯಸ್ಸಿನಲ್ಲಿ ಇಂಗ್ಲಿಷ್ ವಾದ್ಯ ಯಾಕೆ ಬೇಕಿತ್ತು ಅಂದಾಗ ಮಾವ, "ಪೇಟಿ ಏನು ನಮ್ಮ ಗವಿಮಠದ ಗುಡ್ಡದಾಗ ಹುಟ್ಟೈತೇನು?" ಅಂದುಬಿಟ್ಟರು. ನಿಜ ತಾನೇ. ಹಾರ್ಮೋನಿಯಂಗೆ ಪೇಟೆಂಟ್ ಆಗಿದ್ದು 1842ರಲ್ಲಿ, ಪ್ಯಾರಿಸ್ಸಿನಲ್ಲಿ. ಇಲ್ಲಿಗೆ ಬಂದ ಮೇಲೂ ನಮ್ಮದಲ್ಲ ಅಂತ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಈಗ ಪೇಟಿ ಇಲ್ಲದ ಭಜನೆ ತೋರಿಸಿ ನೋಡೋಣ.

ಇನ್ನು ಬೆರಳಿನ ವಿಷಯ. ಎಲ್ಲರೂ ನೋಯುತ್ತದೆ ಅಂತ ಹೇಳಿದ್ದರು. ಎಷ್ಟು ಅಂತ ಯಾರೂ ಹೇಳಿರಲಿಲ್ಲ. ಸ್ಟೀಲ್ ತಂತಿಯನ್ನು ಕಟ್ಟಿಗೆಗೆ ಒತ್ತಿ ಹಿಡಿಯುವುದು ಅಂದರೆ ಚಾಕುವಿನ ಮೊಂಡು ಬದಿಯ ಮೇಲೆ ಬೆರಳು ಊರಿದ ಹಾಗೆ. ಇಪ್ಪತ್ತು ನಿಮಿಷ ಬಾರಿಸಿ ನೋಡಿದರೆ ಎಡಗೈಯ ನಾಲ್ಕೂ ಬೆರಳ ತುದಿಯಲ್ಲಿ ಒಂದೊಂದು ನೀಟಾದ ಗೆರೆ. ಅದೇ ಕೈಯಲ್ಲಿ ಒಳಕಲ್ಲಿನಲ್ಲಿ ಹಸಿಮೆಣಸಿನಕಾಯಿ ಚಟ್ನಿ ಅರೆಯೋಕೆ ಹೋದೆ. ಖಾರ ಆ ಗೆರೆಯೊಳಗೆ ಇಳಿದು ಕೂತಿತು. ರಾತ್ರಿ ಹನ್ನೊಂದರವರೆಗೆ ಬೆರಳನ್ನು ಮಜ್ಜಿಗೆ ಬಟ್ಟಲಲ್ಲಿ ಅದ್ದಿಕೊಂಡು ಕೂತಿದ್ದೆ. ಅವತ್ತಿಂದ ನಿಯಮ ಮಾಡಿಕೊಂಡೆ: ಮೊದಲು ಅಡುಗೆ, ಆಮೇಲೆ ಗಿಟಾರ್.

ಒಂದು ವಿಷಯ ಗಮನಿಸಿದೆ. ನನ್ನ ಬಲಗೈ ಬೆರಳಿಗೆ ಆ ತಂತಿ ಅಷ್ಟು ನೋವು ಮಾಡುತ್ತಿರಲಿಲ್ಲ. ಸುಮ್ನೆ ಒತ್ತಿ ನೋಡಿದ್ದೆ. ಇಪ್ಪತ್ತು ವರ್ಷ ಹಂಚಿನ ಮೇಲೆ ಜೋಳದ ರೊಟ್ಟಿ ತಿರುವಿದ ಬೆರಳು ಅವು, ತುದಿ ಆಗಲೇ ಬಲಿತಿತ್ತು. ಎಡಗೈ ಮಾತ್ರ ಮೆತ್ತಗೆ. ಎಡಗೈಯಲ್ಲಿ ರೊಟ್ಟಿ ತಿರುವೋಕೆ ಶುರು ಮಾಡಲೇ ಅಂತಲೂ ಯೋಚಿಸಿದೆ. ಅತ್ತೆ ಕೇಳಿ, "ಹಂಚಿನ ಮ್ಯಾಲ ಆಟ ಆಡಬ್ಯಾಡ" ಅಂದರು. ಮೂರು ವಾರ ದಿನಾ ಬಾರಿಸಿದ ಮೇಲೆ ತುದಿಯ ಚರ್ಮ ತಾನಾಗಿಯೇ ಗಟ್ಟಿಯಾಯಿತು. ನಡುವೆ ನಾಲ್ಕು ದಿನ ಬಿಟ್ಟರೆ ಮತ್ತೆ ನೋವು. ಒಂದೇ ದಿನ ಎರಡು ಗಂಟೆ ಬಾರಿಸುವುದಕ್ಕಿಂತ ದಿನಾ ಹದಿನೈದು ನಿಮಿಷ ವಾಸಿ.

ಆದರೆ ನೋವು ಪೂರ್ತಿ ನನ್ನ ಬೆರಳಿನ ತಪ್ಪಾಗಿರಲಿಲ್ಲ. ಇದು ನನಗೆ ತಿಳಿಯೋಕೆ ಒಂದು ತಿಂಗಳು ಬೇಕಾಯಿತು. ಹೊಸದಾಗಿ ಕಲಿಯುವವರು ಯಾರೇ ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಎಷ್ಟು ಒತ್ತಿದರೂ ಒಂದನೇ ಫ್ರೆಟ್ ಬಿಟ್ಟು ಮೇಲಕ್ಕೆ ಹೋದರೆ ತಂತಿ ಬರ್ ಬರ್ ಅನ್ನುತ್ತಿತ್ತು, ಇಲ್ಲವೇ ಸದ್ದೇ ಇಲ್ಲ. ಅಕ್ಕನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನು, "ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಗೊಂಬಾ. ಹನ್ನೆರಡನೇ ಫ್ರೆಟ್ ಮ್ಯಾಲೆ ನಿಲ್ಲಿಸಿ ದಪ್ಪ ತಂತಿ ಎಷ್ಟು ಮ್ಯಾಲೈತಿ ನೋಡು" ಅಂದ. ಸ್ಕೇಲ್ ನಿಲ್ಲಿಸಿ ನೋಡಿದೆ. ನಾಲ್ಕು ಮಿಲಿಮೀಟರ್. "ಅಯ್ಯ, ಅದು ಮೂರರ ಒಳಗಿರಬೇಕಿತ್ತು ಚಿಗವ್ವ!" ತಂತಿಗೂ ಫ್ರೆಟ್ಟಿಗೂ ನಡುವಿನ ಈ ಎತ್ತರಕ್ಕೆ ಆ್ಯಕ್ಷನ್ ಅನ್ನುತ್ತಾರೆ. ಕುತ್ತಿಗೆ ಬಾಗಿದೆಯೇ ಅಂತಲೂ ನೋಡಿಸಿದ. ಒಂದು ಕಣ್ಣು ಮುಚ್ಚಿ, ಗಿಟಾರನ್ನು ಬಂದೂಕಿನ ಹಾಗೆ ಹಿಡಿದು, ಉದ್ದಕ್ಕೂ ನೋಡುವುದು. ನೆಟ್ಟಗಿತ್ತು. ಹಾಗಾದರೆ ತಂತಿ ಕೂರುವ ಸ್ಯಾಡಲ್ ಎತ್ತರ ಇದೆ, ಅದನ್ನು ತಿಕ್ಕಿ ಇಳಿಸಬೇಕು.

ಎಷ್ಟು ತಿಕ್ಕಬೇಕು? ಹನ್ನೆರಡನೇ ಫ್ರೆಟ್ ಇರುವುದು ತಂತಿಯ ಸರಿ ಅರ್ಧಕ್ಕೆ. ಅದಕ್ಕೇ ಅಲ್ಲಿ ಒತ್ತಿದರೆ ಅದೇ ಸ್ವರ ಒಂದು ಸಪ್ತಕ ಮೇಲೆ ಕೇಳುತ್ತದೆ. ತಂತಿಯ ಒಂದು ತುದಿ ಕೀಲಿಗಳ ಬದಿಯಲ್ಲಿ, ನಟ್ ಅನ್ನುವ ಪಟ್ಟಿಯ ಮೇಲೆ ಕದಲದೆ ನಿಂತಿದೆ. ಇನ್ನೊಂದು ತುದಿ ಎರಡು ಮಿಲಿಮೀಟರ್ ಇಳಿದರೆ ನಡುವೆ ಒಂದು ಮಿಲಿಮೀಟರ್ ಇಳಿಯುತ್ತದೆ. ಸಮರೂಪ ತ್ರಿಭುಜ! ಹತ್ತನೇ ಕ್ಲಾಸಿಗೆ ವರ್ಷಾವರ್ಷ ಹೇಳಿಕೊಡುವ ಪಾಠ ನನ್ನ ತೊಡೆ ಮೇಲೆಯೇ ಕೂತಿತ್ತು.

ಓಣಿ ತಿರುವಿನಲ್ಲಿ ಬಾಗಿಲು, ಚೌಕಟ್ಟು ಮಾಡುವ ಬಡಿಗೇರ ಅಣ್ಣನ ಹತ್ತಿರ ಹೋದೆ. ತಂತಿ ಸಡಿಲಿಸಿ, ಇಕ್ಕಳದಿಂದ ಎಳೆದಾಗ ಸ್ಯಾಡಲ್ ಕೈಗೆ ಬಂತು. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ.

"ಇದೇನ್ರಿ ಟೀಚರ್, ಹಲ್ಲಿನ ಸೆಟ್ ಇದ್ದಂಗೈತಿ," ಅಂದ.

"ಎರಡು ಮಿಲಿಮೀಟರ್ ಇಳಿಸಬೇಕು ಅಣ್ಣಾ. ಕೆಳಗಿನ ಮೈ ಅಷ್ಟೇ. ಮೇಲಿನ ಮೈ ಮುಟ್ಟಬ್ಯಾಡ್ರಿ, ಅದಕ್ಕೆ ಬಾಗಿದ ಆಕಾರ ಐತಿ."

"ಮಿಲಿಮೀಟರ್ ಬಿಡ್ರಿ. ಸೂತಿನ ಲೆಕ್ಕ ಹೇಳ್ರಿ."

ಎಂಟು ಸೂತಿಗೆ ಒಂದು ಇಂಚು. ಅಂದರೆ ಒಂದು ಸೂತು ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅರ್ಧ ಸೂತು, ಮೇಲೊಂಚೂರು ಅಂದೆ. ಅವನು ಚೂಪು ಪೆನ್ಸಿಲಿನಿಂದ ಗೆರೆ ಎಳೆದ. ಪಾಲಿಶ್ ಪೇಪರನ್ನು ಒಂದು ಗಾಜಿನ ತುಂಡಿನ ಮೇಲೆ ಹಾಸಿದ. ಕಟ್ಟಿಗೆ ಹಲಗೆ ಮೇಲೆ ಹಾಸಿದರೆ ಮೈ ಸಮ ಬರೋದಿಲ್ಲವಂತೆ. ಸ್ಯಾಡಲನ್ನು ನೆಟ್ಟಗೆ ಹಿಡಿದು ಹತ್ತು ಸಲ ಮುಂದೆ, ಹತ್ತು ಸಲ ಹಿಂದೆ. ತಿರುವಿ ಹಿಡಿದು ಮತ್ತೆ ಹತ್ತು. ನಡುನಡುವೆ ಮೂಲೆಮಟ್ಟ ಇಟ್ಟು ಒಂದು ಕಣ್ಣಿನಿಂದ ಬೆಳಕು ನೋಡುತ್ತಿದ್ದ. ಗೆರೆ ಮುಟ್ಟುವ ಮುಂಚೆಯೇ ನಿಲ್ಲಿಸಿ, "ಒಮ್ಮೆ ಕೂರಿಸಿ ನೋಡ್ರಿ. ಹೋದದ್ದು ಮತ್ತ ಬರಂಗಿಲ್ಲ" ಅಂದ. ಇಪ್ಪತ್ತೈದು ನಿಮಿಷದ ಕೆಲಸ. ದುಡ್ಡು ಬೇಡ, ಒಂದು ಪದ ಬಾರಿಸ್ರಿ ಅಂದ. ನನಗೆ ಬರುತ್ತಿದ್ದುದು ಇ ಮೈನರ್ ಅನ್ನುವ ಕಾರ್ಡ್ ಒಂದೇ, ಅಂದರೆ ಕೆಲವು ಸ್ವರ ಒಟ್ಟಿಗೆ ಬಾರಿಸುವ ಒಂದು ಹಿಡಿತ. ಅದನ್ನೇ ನಾಲ್ಕು ಸಲ ಬಾರಿಸಿದೆ. "ಪೂರಾ ಕಲತಮ್ಯಾಲೆ ಬರ್ರಿ" ಅಂತ ರಂಧ ಕೈಗೆತ್ತಿಕೊಂಡ.

ಮನೆಗೆ ಬಂದು ಒತ್ತಿದರೆ, ಅದೇ ಬೆರಳು, ಅದೇ ತಂತಿ, ಬೇರೆ ಗಿಟಾರ್! ಒಂದು ತಿಂಗಳು ನನ್ನ ಕೈಯೇ ಸರಿಯಿಲ್ಲ, ವಯಸ್ಸಾಯಿತು ಅಂತ ಅಂದುಕೊಂಡಿದ್ದೆನಲ್ಲ, ಎಂಥಾ ಸಿಟ್ಟು ಬಂತು.

ಮೇ ತಿಂಗಳ ಬಿಸಿಲು ಇನ್ನೊಂದು ಪಾಠ. ನಲವತ್ತು ಡಿಗ್ರಿ ಮುಟ್ಟುವ ಕಾಲ, ಗಾಳಿಯಲ್ಲಿ ಹನಿ ತೇವ ಇಲ್ಲ. ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದಿರುತ್ತಿತ್ತು. ಬಿಸಿಗೆ ಸ್ಟೀಲ್ ಹಿಗ್ಗಿ ತಂತಿ ಸಡಿಲಾಗುತ್ತದೆ, ಒಣ ಹವೆಗೆ ಕಟ್ಟಿಗೆ ಕುಗ್ಗುತ್ತದೆ. ಗಿಟಾರಿಗೆ ಬೇಕಾದದ್ದು ಶೇಕಡಾ 45ರಿಂದ 55ರಷ್ಟು ತೇವಾಂಶ. ಅಲ್ಮಾರಿ ಮೇಲೆ, ಕಾದ ಸ್ಲ್ಯಾಬಿನ ಕೆಳಗೆ ಇಡೋದು ಬಿಟ್ಟು ನೆಲಕ್ಕೆ ಇಳಿಸಿದೆ. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಕಾದ ಸೂಜಿಯಿಂದ ತೂತು ಮಾಡಿ, ಒದ್ದೆ ಸ್ಪಂಜು ಹಿಂಡಿ ಒಳಗಿಟ್ಟು, ಚೀಲದಲ್ಲಿ ಹಾಕಿದೆ. ಎರಡು ದಿನಕ್ಕೊಮ್ಮೆ ಸ್ಪಂಜು ಒದ್ದೆ ಮಾಡುವುದು. ಇದು ಅಕ್ಕನ ಮಗ ಹೇಳಿದ್ದು, ಕೆಲಸ ಮಾಡಿತು.

ಕೂರುವುದೂ ಒಂದು ಕಲಿಕೆಯೇ. ನನ್ನ ಗಿಟಾರ್ ಡ್ರೆಡ್‌ನಾಟ್ ಅನ್ನುವ ಆಕಾರದ್ದು. ಅದು ಬ್ರಿಟಿಷರ ಒಂದು ಯುದ್ಧಹಡಗಿನ ಹೆಸರು. ಐದಡಿ ಎತ್ತರದವಳು ಹಡಗನ್ನು ತಬ್ಬಿಕೊಂಡು ಕೂತರೆ ಬಲ ಭುಜ ಕಿವಿಗೆ ತಾಗುತ್ತದೆ. ಅದರ ಮೇಲೆ ಜಾರುವ ಸೀರೆ. ಕೈಯಿಲ್ಲದ ಕುರ್ಚಿ, ಕಾಟನ್ ಸೀರೆ, ಬಲಗಾಲಿನ ಕೆಳಗೆ ರೊಟ್ಟಿ ಬಡಿಯುವಾಗ ಕೂರುವ ಮಣೆ. ಇಷ್ಟಾದ ಮೇಲೆ ಸರಿಹೋಯಿತು. ಬಲಗೈ ಬಳೆಗಳು ಮಾತ್ರ ಪ್ರತಿ ಸಲ ಗಿಟಾರಿನ ಮೈಗೆ ಬಡಿದು ಜಲ್ ಜಲ್ ಅನ್ನುತ್ತಿದ್ದವು. ಅವನ್ನು ಮೇಲೆ ಸರಿಸಿ ಕೂದಲಿನ ರಬ್ಬರ್ ಹಾಕಿಕೊಳ್ಳುತ್ತೇನೆ, ಇವತ್ತಿಗೂ.

ಈಗ ಕಾರ್ಡ್‌ಗಳು. ಇ ಮೈನರಿಗೆ ಎರಡೇ ಬೆರಳು, ಅದು ಮೊದಲ ದಿನವೇ ಬರುತ್ತದೆ. ಎ ಮೈನರ್, ಸಿ, ಜಿ, ಡಿ ಒಂದೊಂದಕ್ಕೂ ಎರಡು ಮೂರು ದಿನ. ಹಿಡಿಯೋಕೆ ಬಂತು ಅಂತ ಹಿಗ್ಗಿದೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಇದೆಯಲ್ಲ, ಅಲ್ಲೇ ಸತ್ತೆ. ಬೆರಳು ಎತ್ತಿದರೆ ಗಾಳಿಯಲ್ಲೇ ನಿಂತು ಯಾರು ಮೊದಲು ಇಳಿಯಬೇಕು ಅಂತ ಜಗಳ ಆಡುತ್ತಿದ್ದವು. ಅಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತದೆ.

ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಎಷ್ಟು ಸಲ ಬದಲಾಯಿಸಿದೆ ಅಂತ ಎಣಿಸೋಕೆ ಶುರು ಮಾಡಿದೆ. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಎ ಮೈನರ್‌ನಿಂದ ಸಿ: ಮೊದಲ ದಿನ 9. ಒಂದು ವಾರಕ್ಕೆ 16. ಆಮೇಲೆ ಅಲ್ಲೇ ನಿಂತುಬಿಟ್ಟಿತು. ಒಂದು ದಿನ ಬೆರಳುಗಳನ್ನು ಸುಮ್ನೆ ನೋಡುತ್ತಾ ಕೂತಿದ್ದೆ. ಎರಡೂ ಕಾರ್ಡಿನಲ್ಲಿ ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್ಟಿನಲ್ಲೇ ಇದೆ. ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲೇ ಇದೆ. ಕದಲುವುದು ಉಂಗುರದ ಬೆರಳು ಒಂದೇ! ಮೂರನೇ ತಂತಿ ಬಿಟ್ಟು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಹಾರಿದರೆ ಮುಗಿಯಿತು. ನಾನು ಪ್ರತಿ ಸಲ ಮೂರೂ ಬೆರಳು ಎತ್ತಿ ಮತ್ತೆ ಹೂಡುತ್ತಿದ್ದೆ. ಮನೆ ಬದಲಾಯಿಸುವಾಗ ಅದೇ ಮನೆಗೆ ಸಾಮಾನು ಹೊರಗೆ ಹಾಕಿ ಒಳಗೆ ತಂದ ಹಾಗೆ. ಅವತ್ತು ಸಂಜೆ 31. ಜೂನ್ ಕೊನೆಗೆ 44.

ಎಫ್ ಕಾರ್ಡ್ ಬಗ್ಗೆ ಬರೆಯೋದೇನೂ ಇಲ್ಲ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ನನ್ನ ಕೈಗೆ ಇನ್ನೂ ಬಂದಿಲ್ಲ. ಒಂದನೇ ತಂತಿ ಬಿಟ್ಟು ಮೂರು ಬೆರಳಿನಲ್ಲಿ ಹಿಡಿಯುವ ಸುಲಭದ ರೂಪ ಇದೆ, ಅದರಲ್ಲೇ ಕಾಲ ಹಾಕುತ್ತಿದ್ದೇನೆ. ಒಂದೊಂದು ಫ್ರೆಟ್ಟಿಗೆ ಒಂದೊಂದು ಬೆರಳು ಇಟ್ಟು ಜೇಡನ ಹಾಗೆ ನಡೆಸುವ ಕಸರತ್ತೂ ಮಾಡಿದೆ. ಬೇಸರದ ಕೆಲಸ. ಕಿರುಬೆರಳಿಗೆ ಅದರಿಂದ ಬಲ ಬಂತು ಅನ್ನೋದನ್ನು ಒಪ್ಪಿಕೊಳ್ಳಬೇಕು.

ಬಲಗೈ ಕಷ್ಟ ಬೇರೆ ತರದ್ದು. ಎಲ್ಲಾ ವಿಡಿಯೋಗಳೂ ಒಂದು ಪಟ್ಟು ಕಲಿಸುತ್ತವೆ: ಕೆಳಗೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ. ಬಾಯಲ್ಲಿ ಹೇಳಿಕೊಂಡು ಬಾರಿಸಿದರೆ ಆರು ಏಟು ಸಮನಾಗಿ ಬೀಳುತ್ತಿದ್ದವು, ಬಾವಿಗೆ ಕಲ್ಲು ಎಸೆದ ಹಾಗೆ. ಕುಣಿತವೇ ಇಲ್ಲ. ನಾನು ಮೊಣಕೈಯಿಂದ ಬೀಸುತ್ತಿದ್ದೆ. ಅತ್ತೆ ಅಡುಗೆ ಮನೆಯಿಂದಲೇ, "ರೊಟ್ಟಿ ಹಂಗ ಬಡದ್ರ ಹರಿತೈತಿ" ಅಂದರು. ಹೌದಲ್ಲ. ರೊಟ್ಟಿ ಬಡಿಯುವುದು ಮಣಿಕಟ್ಟಿನಿಂದ, ತೋಳು ಸುಮ್ನೆ ಜೊತೆಗಿರುತ್ತದೆ ಅಷ್ಟೇ. ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಅದನ್ನು ಬಿಗಿಯಾಗಿ ಹಿಡಿಯೋದು ಬಿಟ್ಟು, ಮಣಿಕಟ್ಟು ಸಡಿಲ ಮಾಡಿದೆ. ಸದ್ದು ಮೆತ್ತಗಾಯಿತು. ಕುಣಿತ ಮಾತ್ರ ಇನ್ನೂ ಇಲ್ಲ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಅಂಗಳದಲ್ಲಿ ಕೂತು ಅದೇ ಆರು ಏಟು ಬಾರಿಸುತ್ತಿದ್ದೆ. ಮಾವನವರು ಕತ್ತಲ್ಲಿ ಕೇಳಿಸಿಕೊಳ್ಳುತ್ತಾ, "ಒಂದ ಸುತ್ತಿಗೆ ಎಷ್ಟು ಮಾತ್ರಿ ಅದು?" ಅಂದರು. ಆರು ಅಂದೆ. "ಆರಲ್ಲವಾ. ಎಂಟು ಇರಬೇಕು. ಎರಡು ನುಂಗಾಕತ್ತಿ."

ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿಕೊಂಡು ಹಾಳೆ ಮೇಲೆ ಒಂದರಿಂದ ಎಂಟು ಬರೆದೆ. ಕೈ ನಿಲ್ಲದೆ ಕೆಳಗೆ ಮೇಲೆ ಆಡುತ್ತಲೇ ಇರಬೇಕು. ಒಂದು, ಮೂರು, ಐದು, ಏಳು ಕೆಳಗೆ. ಎರಡು, ನಾಲ್ಕು, ಆರು, ಎಂಟು ಮೇಲೆ. ವಿಡಿಯೋದವರ ಪಟ್ಟನ್ನು ಅದರ ಮೇಲೆ ಕೂರಿಸಿದೆ. ಒಂದಕ್ಕೆ ಕೆಳಗೆ. ಎರಡು ಬಿಡು. ಮೂರಕ್ಕೆ ಕೆಳಗೆ, ನಾಲ್ಕಕ್ಕೆ ಮೇಲೆ. ಐದು ಬಿಡು. ಆರಕ್ಕೆ ಮೇಲೆ, ಏಳಕ್ಕೆ ಕೆಳಗೆ, ಎಂಟಕ್ಕೆ ಮೇಲೆ. ಬಿಡು ಅಂದರೆ ಕೈ ನಿಲ್ಲಿಸುವುದಲ್ಲ. ಕೈ ಹೋಗುತ್ತದೆ, ತಂತಿ ಮುಟ್ಟುವುದಿಲ್ಲ.

ಹಾಳೆ ಓದಿ ಹೇಳಿದೆ. ಮಾವ ಬೆರಳು ಮಡಿಸುತ್ತಾ ಎಣಿಸಿದರು. ಐದಕ್ಕೆ ಬಂದಾಗ ನಕ್ಕರು.

"ಕೆಹರವಾ! ಎಂಟು ಮಾತ್ರಿ. ಐದನೇದು ಖಾಲಿ."

ಭಜನೆಯಲ್ಲಿ ಜಾಸ್ತಿ ನಡೆಯುವುದು ಇದೇ ತಾಳ. ಧಾ ಗೆ ನಾ ತಿ, ನ ಕ ಧಿ ನ. ಒಂದನೇ ಮಾತ್ರೆ ಸಮ, ಐದನೇದು ಖಾಲಿ. ಕೈಯಲ್ಲಿ ತಾಳ ಹಾಕುವವರು ಒಂದಕ್ಕೆ ಚಪ್ಪಾಳೆ ಹೊಡೆಯುತ್ತಾರೆ, ಐದಕ್ಕೆ ಅಂಗೈ ತಿರುವಿ ಗಾಳಿಯಲ್ಲಿ ಬೀಸುತ್ತಾರೆ. ಸದ್ದಿಲ್ಲ, ಆದರೆ ಮಾತ್ರೆ ಇದೆ. ಚಿಕ್ಕಂದಿನಿಂದ ಗುಡಿಯಲ್ಲಿ ಕೂತು ನಾನೂ ಹಾಗೆ ಕೈ ಬೀಸಿದ್ದೇನೆ, ಹೆಸರು ಗೊತ್ತಿಲ್ಲದೆ. ಮಾವ ಧಾಗೆನಾತಿ ಅನ್ನುತ್ತಾ ತೊಡೆ ತಟ್ಟಿದರು. ನಾನು ಐದಕ್ಕೆ ಪಿಕ್ ಹಿಡಿದ ಕೈಯನ್ನು ತಂತಿ ಮುಟ್ಟಿಸದೆ ಇಳಿಸಿದೆ. ಆರಕ್ಕೆ ಮೇಲೆ ಬರುವಾಗ ಮುಟ್ಟಿಸಿದೆ. ಎರಡು ವಾರ ಬರದೇ ಇದ್ದ ಕುಣಿತ ಎರಡೇ ನಿಮಿಷಕ್ಕೆ ಬಂತು. ಕರೆಂಟ್ ಬಂದಿದ್ದು ಯಾವಾಗ ಅಂತ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಶ್ರಾವಣ ಬಂತು. ಸೋಮವಾರ ಓಣಿಯ ಗುಡಿಯಲ್ಲಿ ಭಜನೆ. "ನೀನೂ ಬಾ, ತಗೊಂಡ ಬಾ ಅದನ್ನ," ಅಂದರು ಮಾವ. ಅವರ ಶ್ರುತಿ ಕರಿ ಒಂದು. ನನ್ನ ಗಿಟಾರಿನಲ್ಲಿ ಎಲ್ಲಾ ಬಿಳಿ. ಅದಕ್ಕೇ ಕ್ಯಾಪೋ ಇರುವುದು. ಅದೊಂದು ಚಿಮುಟ, ಫ್ರೆಟ್ಟಿಗೆ ಹಾಕಿದರೆ ಆರೂ ತಂತಿ ಒಟ್ಟಿಗೆ ಮೇಲೇರುತ್ತವೆ. ಒಂದನೇ ಫ್ರೆಟ್ಟಿಗೆ ಹಾಕಿ ಸಿ ಕಾರ್ಡ್ ಹಿಡಿದರೆ ಬಿಳಿ ಒಂದು ಹೋಗಿ ಕರಿ ಒಂದಾಗುತ್ತದೆ. ಹಿಂದಿನ ದಿನ ಮನೆಯಲ್ಲಿ ಕೂತು ನೋಡಿದೆವು. ಮೊದಲ ಪದಕ್ಕೆ ಚೆನ್ನಾಗಿ ಕೂಡಿತು. ಎರಡನೇ ಪದಕ್ಕೆ ಮಾವ ಮುಖ ಕಿವುಚಿದರು.

"ಅಲ್ಲೇನೋ ಕಚ್ಚತೈತಿ."

ಸಿ ಕಾರ್ಡಿನೊಳಗೆ ಇರುವುದು ಸ, ಗ, ಪ, ಮೂರೂ ಒಟ್ಟಿಗೆ. ಅವರು ಹಾಡುತ್ತಿದ್ದ ಪದದಲ್ಲಿ ಗ ಕೋಮಲ, ಅಂದರೆ ಶುದ್ಧ ಗಕ್ಕಿಂತ ಒಂದು ಮನೆ ಕೆಳಗೆ. ನಾನು ಶುದ್ಧ ಗ ಬಾರಿಸುತ್ತಾ ಅವರ ಕೋಮಲ ಗದ ಮೇಲೆ ಕಾಲಿಡುತ್ತಿದ್ದೆ. ಕೋಮಲ ಗ ಇದ್ದರೆ ಮೈನರ್ ಬೇಕು. ಕ್ಯಾಪೋ ನಾಲ್ಕನೇ ಫ್ರೆಟ್ಟಿಗೆ ಸರಿಸಿ ಎ ಮೈನರ್ ಹಿಡಿದೆ. ಅದೂ ಕರಿ ಒಂದೇ, ಈಗ ಗ ಕೋಮಲ. ಕಚ್ಚುವುದು ಕಮ್ಮಿ ಆಯಿತು. ಮಾವ ಇನ್ನೂ ತಲೆ ಅಲ್ಲಾಡಿಸುತ್ತಿದ್ದರು. ಪದದ ಒಂದೆರಡು ಕಡೆ ಅವರು ಗ ಹತ್ತಿರವೇ ಹೋಗುವುದಿಲ್ಲ, ನನ್ನದು ಮಾತ್ರ ಅಲ್ಲೇ ಕೂತು ಕೂಗುತ್ತಿತ್ತು.

"ಆ ಗ ತಗದ ಬಿಡು. ಸ-ಪ ಸಾಕು ನನಗ."

ತೋರುಬೆರಳು ಎತ್ತಿದೆ. ತೆಳುವಾದ ಎರಡು ತಂತಿ ಬಿಟ್ಟು ಐದು, ನಾಲ್ಕು, ಮೂರನೇ ತಂತಿ ಮಾತ್ರ ಬಾರಿಸಿದೆ. ಸ, ಪ, ಮೇಲಿನ ಸ. ಎರಡೇ ಬೆರಳು. ನಾಲ್ಕು ತಿಂಗಳು ಕಲಿತು ಕೊನೆಗೆ ಮೊದಲ ದಿನದ ಎರಡು ಬೆರಳಿಗೆ ಬಂದು ನಿಂತಿದ್ದೆ. ಆದರೆ ಈಗ ಐದನೇ ಮಾತ್ರೆಗೆ ಕೈ ಗಾಳಿಯಲ್ಲಿ ಇಳಿಯುತ್ತಿತ್ತು.

ಸೋಮವಾರ ಗುಡಿಯಲ್ಲಿ ಗಿಟಾರನ್ನು ಆ್ಯಪಿಗೆ ಅಲ್ಲ, ಪೇಟಿಗೆ ಹಚ್ಚಿದೆ. ತಬಲಾ, ತಾಳ, ಹತ್ತು ಜನರ ದನಿ. ಅದರ ನಡುವೆ ನನ್ನ ಸದ್ದು ನನಗೇ ಸರಿಯಾಗಿ ಕೇಳಲಿಲ್ಲ. ಮೂರನೇ ಪದಕ್ಕೆ ಒಂದು ಕಡೆ ತಾಳ ತಪ್ಪಿದೆ, ಪಕ್ಕದಲ್ಲಿ ಕೂತಿದ್ದ ತಬಲಾದ ಹುಡುಗ ಸಮಕ್ಕೆ ತಲೆ ಹಾಕಿ ತೋರಿಸಿದ, ಹಿಡಿದುಕೊಂಡೆ. ಹಿಂದಿನ ಕಂಬಕ್ಕೆ ಒರಗಿ ಬಡಿಗೇರ ಅಣ್ಣ ಕೂತಿದ್ದ. ಒಂದು ಪದ ಅಂದಿದ್ದ, ಐದು ಕೇಳಿಸಿಕೊಂಡು ಹೋದ.

ವಾಪಸ್ ಬರುವಾಗ ಮಾವ, "ಮುಂದಿನ ಸೋಮವಾರ ಹಾಡಾವ್ರು ಬ್ಯಾರೇದವ್ರು. ಅವರದು ಕರಿ ಎರಡು" ಅಂದರು.

ಬೀದಿ ದೀಪದ ಕೆಳಗೆ ನಿಂತು ಗಿಟಾರಿನ ಕುತ್ತಿಗೆ ಮೇಲೆ ಎಣಿಸಿದೆ. ಖಾಲಿ ತಂತಿ ಬಿಳಿ ಆರು. ಒಂದಕ್ಕೆ ಕರಿ ಐದು. ಎರಡಕ್ಕೆ ಬಿಳಿ ಏಳು. ಮೂರಕ್ಕೆ ಬಿಳಿ ಒಂದು. ನಾಲ್ಕಕ್ಕೆ ಕರಿ ಒಂದು. ಐದಕ್ಕೆ ಬಿಳಿ ಎರಡು.

"ಆರನೇ ಮನಿಗೆ ಕ್ಯಾಪೋ ಹಾಕಬೇಕ್ರಿ ಮಾವಾ."

"ಹಾಕಂತಿ. ಈಗ ನಡಿ, ಮಳಿ ಬರಂಗೈತಿ, ಕಟ್ಟಿಗಿ ನೆನದೀತು."